ತಂಗಡಿ ನಾಡಿನ ತೊಗಲು, ಕೈಗೆ ಬಾರದ ಗವಸು

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಮಳೆ ಕಡಿಮೆ, ಬಯಲು ವಿಶಾಲ, ಊರಿಂದ ಊರಿಗೆ ದೂರ ಹೆಚ್ಚು. ಇಲ್ಲಿನ ರೈತ, ಶಾಲೆಯ ಮೇಷ್ಟ್ರು, ಹಾಲು ಹಾಕುವವ, ಸಂತೆಯ ವ್ಯಾಪಾರಿ ಎಲ್ಲರಿಗೂ ಇಂದು ಬೈಕೇ ಬಂಡಿ, ಬೈಕೇ ಬಸ್ಸು. ಬೆಳಗಿನ ಚಳಿಗೆ ಬೆರಳು ಮರಗಟ್ಟಿಸಿಕೊಂಡು ಹೊರಟವರು ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕಾದ ಹ್ಯಾಂಡಲ್ ಹಿಡಿದು ಮರಳುತ್ತಾರೆ. ಕಾನೂನಿನ ಭಯಕ್ಕಾದರೂ ತಲೆಗೆ ಹೆಲ್ಮೆಟ್ ಬಂದಿದೆ. ಕೈ ಮಾತ್ರ ಬರಿಗೈ.

ಚರ್ಮದ ಕೈಗವಸು ಬೇಕೆಂದು ಹೊರಟವರಿಗೂ ಕೈಗೆ ಒಪ್ಪುವಂಥದು ಸುಲಭಕ್ಕೆ ಸಿಗುವುದಿಲ್ಲ. ಅಂಗೈ ಅಗಲ ಸರಿಹೋದರೆ ಬೆರಳು ಉದ್ದ. ಬೆರಳು ಸರಿಹೋದರೆ ಹೆಬ್ಬೆರಳ ಸಂದಿಯಲ್ಲಿ ಬಿಗಿತ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗವಸು ಬೆಸುಗೆ ಕೆಲಸದವರಿಗಾಗಿ ಹೊಲಿದದ್ದು. ಅದನ್ನು ತೊಟ್ಟರೆ ಬ್ರೇಕ್ ಹಿಡಿಯೇ ಸರಿಯಾಗಿ ಸಿಗದು. ನಾಲ್ಕು ದಿನ ತೊಟ್ಟು ಬೇಸತ್ತು ಅದನ್ನು ಬೈಕಿನ ಪೆಟ್ಟಿಗೆಯಲ್ಲಿ ತುರುಕಿದವರೇ ಹೆಚ್ಚು.

ಇದರಲ್ಲೊಂದು ವಿಚಿತ್ರವಿದೆ. ಈ ಸೀಮೆಗೆ ಚರ್ಮವೇನೂ ಹೊಸದಲ್ಲ. ತೊಗಲನ್ನು ಹದ ಮಾಡುವ ತಂಗಡಿ ಗಿಡ ಇಲ್ಲಿನ ಬಂಜರಿನಲ್ಲಿ ತಾನಾಗಿ ಬೆಳೆಯುತ್ತದೆ. ಕುರಿ ಮೇಕೆಗಳಿಗೆ ಕೊರತೆಯಿಲ್ಲ. ತಲೆಮಾರುಗಳಿಂದ ತೊಗಲು ಕೊಯ್ದು ಹೊಲಿದ ಕುಲಗಳು ಊರೂರಿನಲ್ಲಿವೆ. ಹಾಗಿದ್ದೂ ಕೈಗವಸು ಮಾತ್ರ ಈ ನೆಲದಲ್ಲಿ ಹುಟ್ಟಲಿಲ್ಲ. ಏಕೆ? ಉತ್ತರ ಹುಡುಕಿದರೆ ಹವಾಮಾನ, ಜಾತಿ, ವ್ಯಾಪಾರ ಮತ್ತು ಅಳತೆ ಎಂಬ ನಾಲ್ಕು ವಿಷಯಗಳ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

ಕಪಿಲೆಯ ಕಾಲ

ವಿದ್ಯುತ್ ಪಂಪು ಬರುವ ಮೊದಲು ಬಯಲುಸೀಮೆಯ ಬೇಸಾಯ ನಿಂತಿದ್ದು ಕಪಿಲೆ ಬಾವಿಗಳ ಮೇಲೆ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ನಡೆದರೆ ಬಾವಿಯೊಳಗಿನಿಂದ ತೊಗಲಿನ ದೊಡ್ಡ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಚೀಲದ ಬುಡಕ್ಕೆ ಬಾಲದಂತೆ ಹೊಲಿದ ತೊಗಲಿನ ಕೊಳವೆ ದಡಕ್ಕೆ ಬಂದೊಡನೆ ತಾನಾಗಿ ಬಾಯಿಬಿಟ್ಟು ನೀರನ್ನು ಕಾಲುವೆಗೆ ಸುರಿಯುತ್ತಿತ್ತು. ಆ ಚೀಲಕ್ಕೆ ಇಡೀ ತೊಗಲೇ ಬೇಕು. ಅದು ದಿನವಿಡೀ ನೀರಿನಲ್ಲಿ ನೆನೆಯಬೇಕು, ರಾತ್ರಿ ಒಣಗಬೇಕು, ಆದರೂ ಬಿರಿಯಬಾರದು, ಹೊಲಿಗೆ ಬಿಡಬಾರದು.

ಕಪಿಲೆಯಷ್ಟೇ ಅಲ್ಲ. ನೊಗಕ್ಕೆ ಬಿಗಿಯುವ ಮಿಣಿ, ಬಾರುಕೋಲಿನ ಬಾರು, ಜಾತ್ರೆಯ ಹಲಗೆ, ಕಾಲಿನ ಎಕ್ಕಡ ಎಲ್ಲವೂ ಚರ್ಮದ್ದೇ. ಇವನ್ನು ಒದಗಿಸುತ್ತಿದ್ದವರು ಮಾದಿಗರು, ಸಮಗಾರರು, ಡೋಹರರು. ಅವರಲ್ಲಿ ಆಯಗಾರರಾದವರಿಗೆ ಸಂಬಳವೆಂಬುದಿರಲಿಲ್ಲ. ಸುಗ್ಗಿಯಲ್ಲಿ ರೈತನ ಕಣದಿಂದ ಬರುವ ಆಯದ ಕಾಳೇ ಕೂಲಿ. ಮಳೆ ಕೈಕೊಟ್ಟ ವರ್ಷ ಕಣವೂ ಬರಿದು, ಆಯವೂ ಬರಿದು.

ಹದ ಮಾಡುವ ವಿಧಾನ ನಿಧಾನದ್ದು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ಸಡಿಲಗೊಳಿಸಿ ಹೆರೆಯುತ್ತಾರೆ. ಒಳಮೈಗೆ ಅಂಟಿದ ಮಾಂಸವನ್ನು ಕೆರೆದು ತೆಗೆದು ಚೆನ್ನಾಗಿ ತೊಳೆಯುತ್ತಾರೆ. ಬಳಿಕ ತಂಗಡಿ ಚಕ್ಕೆಯ ಕಷಾಯದಲ್ಲಿ ದಿನಗಟ್ಟಲೆ, ವಾರಗಟ್ಟಲೆ ನೆನೆಹಾಕುತ್ತಾರೆ. ಚಕ್ಕೆಯಲ್ಲಿರುವ ಒಗರು ಚರ್ಮದ ನಾರುಗಳಿಗೆ ಅಂಟಿಕೊಂಡು ಅದು ಕೊಳೆಯದಂತೆ ಕಾಯುತ್ತದೆ. ಕೊನೆಗೆ ಅಳಲೆಕಾಯಿಯ ನೀರು, ಎಣ್ಣೆಯ ಉಜ್ಜು. ಹಳದಿ ಹೂ ಬಿಡುವ ಇದೇ ತಂಗಡಿ ಇಂದು ನೆರೆಯ ತೆಲಂಗಾಣದ ರಾಜ್ಯಪುಷ್ಪ. ಅಲ್ಲಿ ಅದು ಹಬ್ಬದ ಹೂವಾದರೆ ಚರ್ಮಕಾರನಿಗೆ ಅದರ ತೊಗಟೆಯೇ ಬಂಡವಾಳ.

ಈ ಕೆಲಸದಲ್ಲಿ ಕೈ ಪಡುವ ಪಾಡು ಅಷ್ಟಿಷ್ಟಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ, ಕಷಾಯ ಉಗುರನ್ನು ಕಪ್ಪಾಗಿಸುತ್ತದೆ, ರಂಪಿಗೆ ಜಾರಿದರೆ ಬೆರಳೇ ಹೋದೀತು. ಊರಿಗೆಲ್ಲ ಚರ್ಮದ ವಸ್ತು ಒದಗಿಸಿದವರು ತಮ್ಮ ಕೈಗೊಂದು ಚರ್ಮದ ಹೊದಿಕೆ ಹೊಲಿದುಕೊಳ್ಳಲಿಲ್ಲ.

ಕಾಲಿಗೆ ಸಂದದ್ದು ಕೈಗೆ ಸಲ್ಲಲಿಲ್ಲ

ನಮ್ಮ ಪರಂಪರೆಗೆ ಕೈಗವಸು ತೀರಾ ಅಪರಿಚಿತವೇನಲ್ಲ. ಮಹಾಭಾರತ, ರಾಮಾಯಣಗಳ ಬಿಲ್ಲುಗಾರರ ವರ್ಣನೆಯಲ್ಲಿ ‘ಗೋಧಾಂಗುಲಿತ್ರಾಣ’ ಎಂಬ ಮಾತು ಬರುತ್ತದೆ. ಗೋಧಾ ಎಂದರೆ ಉಡ. ಮುಂಗೈಗೆ ಕಟ್ಟುವ ತೊಗಲಿನ ಪಟ್ಟಿಗೂ ಅದೇ ಹೆಸರು. ಅಂಗುಲಿತ್ರಾಣ ಎಂದರೆ ಬೆರಳಿನ ರಕ್ಷೆ. ಬಿಲ್ಲಿನ ಹೆದೆ ಬಡಿದು ಕೈ ಹರಿಯದಿರಲೆಂದು ಕಟ್ಟಿಕೊಳ್ಳುತ್ತಿದ್ದ ರಕ್ಷೆ ಅದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಗೇ ಒಂದು ಭಾಗ ಮೀಸಲಾಗಿದೆ. ಮುಂದೆ ಮೊಗಲ್ ಮತ್ತು ದಖನಿ ಚಿತ್ರಗಳಲ್ಲಿ ಗಿಡುಗವನ್ನು ಕೂರಿಸಿಕೊಂಡ ಅರಸರ ಕೈಯಲ್ಲಿ ಗವಸು ಕಾಣುತ್ತದೆ. ಆದರೆ ಇವೆಲ್ಲ ಯುದ್ಧದ ಇಲ್ಲವೇ ಅರಮನೆಯ ವಸ್ತುಗಳು. ಅವು ಸಂತೆಗೆ ಇಳಿಯಲಿಲ್ಲ, ದುಡಿಯುವವನ ಕೈಗೆ ಬರಲಿಲ್ಲ.

ಮೊದಲ ಕಾರಣ ಹವಾಮಾನವೆಂಬುದರಲ್ಲಿ ಅನುಮಾನವಿಲ್ಲ. ಯೂರೋಪಿನಲ್ಲಿ ವರ್ಷದ ಅರ್ಧ ಭಾಗ ಕೈ ಮುಚ್ಚದೆ ಹೊರಗೆ ಕಾಲಿಡಲಾಗದು. ಬಿಸಿಲಿನ ಬಳ್ಳಾರಿ ಸೀಮೆಯಲ್ಲಿ ಆ ಅಗತ್ಯವಿರಲಿಲ್ಲ. ಆದರೆ ಅದೊಂದೇ ಕಾರಣವೆನ್ನುವುದು ಕಷ್ಟ. ನಮ್ಮ ಸಮಾಜ ಚರ್ಮಕ್ಕೆ ಒಂದು ಜಾಗ ಗೊತ್ತುಮಾಡಿತ್ತು, ಅದು ಕಾಲು. ಉಣ್ಣುವ, ಪೂಜಿಸುವ, ಇನ್ನೊಬ್ಬರಿಗೆ ಕೊಡುವ ಕೈಗೆ ತೊಗಲು ತೊಡಿಸುವುದು ಮಡಿಯ ಲೆಕ್ಕದಲ್ಲಿ ಕೂಡುತ್ತಿರಲಿಲ್ಲ.

ಅಳತೆಯ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಎಕ್ಕಡಕ್ಕೆ ಅಳತೆ ಕೊಡಲು ಮುಟ್ಟಬೇಕಾಗಿಲ್ಲ. ಪಾದವನ್ನು ತೊಗಲಿನ ಮೇಲಿಟ್ಟರೆ ಸುತ್ತ ಗೆರೆ ಎಳೆದುಕೊಳ್ಳಬಹುದು. ಕೈಗವಸು ಹಾಗಲ್ಲ. ಅಂಗೈ ಸುತ್ತಳತೆ, ಬೆರಳಿನ ಉದ್ದ, ಹೆಬ್ಬೆರಳ ಬುಡದ ದಪ್ಪ ಇವನ್ನೆಲ್ಲ ಕೈಯಲ್ಲಿ ಕೈ ಹಿಡಿದೇ ಅಳೆಯಬೇಕು. ಹೊಲಿದ ಮೇಲೆ ತೊಡಿಸಿ ನೋಡಿ ತಿದ್ದಬೇಕು. ಚರ್ಮಕಾರನ ನೆರಳೂ ಸೋಕಬಾರದೆಂದಿದ್ದ ಊರಿನಲ್ಲಿ ಅಂಥದೊಂದು ಕಸುಬು ಬೇರೂರುವುದಾದರೂ ಹೇಗೆ? ಅವರು ಬಡಿಯುವ ಹಲಗೆ ತೇರಿನ ಮುಂದೆ ಬೇಕಿತ್ತು, ಅವರ ಕೈ ಬೇಕಿರಲಿಲ್ಲ.

ಈ ತಾರತಮ್ಯವನ್ನು ಪ್ರಶ್ನಿಸಿದ ಪರಂಪರೆಯೂ ಈ ನೆಲದ್ದೇ. 12ನೇ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಶರಣರ ಸಾಲಿನಲ್ಲಿ ಸರಿಸಮನಾಗಿ ಕುಳಿತರು. ಹರಳಯ್ಯನ ಕಥೆ ಕೊಟ್ಟೂರು, ಉಜ್ಜಿನಿ ಕಡೆಯ ಹಳ್ಳಿಗಳಿಗೆ ಹೊಸದಾಗಿ ಹೇಳಬೇಕಾದುದಲ್ಲ. ತಾನು ಒಮ್ಮೆ ಶರಣೆಂದರೆ ಬಸವಣ್ಣ ಎರಡು ಬಾರಿ ಶರಣೆಂದರಲ್ಲ, ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸುವುದು ಹೇಗೆಂದು ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರಂತೆ. ಅವು ಪಾದಕ್ಕೆ ಸಲ್ಲುವಂಥವಲ್ಲವೆಂದು ಬಸವಣ್ಣ ತಲೆಯ ಮೇಲಿಟ್ಟುಕೊಂಡರಂತೆ. ಇದು ಚರಿತ್ರೆಯೋ ಐತಿಹ್ಯವೋ ಎಂಬ ಚರ್ಚೆ ಬೇರೆ. ಕಾಲಿಗೆಂದು ಗೊತ್ತುಮಾಡಿದ್ದ ಚರ್ಮವನ್ನು ತಲೆಯ ಮೇಲಕ್ಕೇರಿಸಿದ ಕಥೆಯನ್ನು ಜನ ಎಂಟು ನೂರು ವರ್ಷ ನೆನಪಿಟ್ಟುಕೊಂಡಿದ್ದಾರೆ ಎಂಬುದು ಮುಖ್ಯ.

ಮದರಾಸಿನ ದಾರಿ

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರುವವರೆಗೆ ಈ ತಾಲ್ಲೂಕುಗಳಿಗೆ ಸರ್ಕಾರವೆಂದರೆ ಮದರಾಸು, ದೊಡ್ಡ ಪೇಟೆಯೆಂದರೂ ಮದರಾಸೇ. 19ನೇ ಶತಮಾನದ ನಡುವಿನಿಂದ ಅಲ್ಲಿ ಚರ್ಮದ ರಫ್ತು ಭರದಿಂದ ಬೆಳೆಯಿತು. ತಂಗಡಿ ಚಕ್ಕೆಯಲ್ಲಿ ಅರೆಹದ ಮಾಡಿದ ತೊಗಲು ‘ಈಸ್ಟ್ ಇಂಡಿಯಾ’ ಎಂಬ ಹೆಸರು ಹೊತ್ತು ಲಂಡನ್ನಿನ ಹರಾಜು ಕಟ್ಟೆ ಸೇರುತ್ತಿತ್ತು. ಮೇಕೆಯ ಹಸಿ ತೊಗಲು ಅಮೆರಿಕಕ್ಕೂ ಹೋಗುತ್ತಿತ್ತು. 1914-18ರ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೆ ಮದರಾಸಿನ ತೊಗಲು ಎಷ್ಟು ಬೇಕಾಯಿತೆಂದರೆ ಸರ್ಕಾರವೇ ಅದರ ಖರೀದಿಗೆ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೊರಹೋಗುತ್ತಿದ್ದುದು ತೊಗಲು, ಸಿದ್ಧ ವಸ್ತುವಲ್ಲ. ಅದನ್ನು ನಯಗೊಳಿಸಿ, ಬಣ್ಣ ಕೊಟ್ಟು, ಕತ್ತರಿಸಿ ಹೊಲಿಯುವ ಕೆಲಸ ಹೊರದೇಶದಲ್ಲಿ ನಡೆಯುತ್ತಿತ್ತು. ಚರ್ಮದಲ್ಲಿ ನಿಜವಾದ ಲಾಭವಿರುವುದು ಈ ಕೊನೆಯ ಹಂತದಲ್ಲಿ. ಸುಣ್ಣ, ನಾತ, ಗಾಯ ಇವು ಈ ಕಡೆ ಉಳಿದವು. ಅಳತೆ, ಕತ್ತರಿ, ಹೆಸರು ಆ ಕಡೆಯ ಪಾಲಾದವು.

ಈ ಸ್ಥಿತಿಯನ್ನು ಬದಲಿಸಲು ಯತ್ನಿಸಿದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಪ್ರಮುಖ. ಮದರಾಸಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದ ಈತ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರದ ನೆರವಿನಿಂದ ಕ್ರೋಮ್ ಹದದ ಪ್ರಯೋಗ ಆರಂಭಿಸಿದ. ಕ್ರೋಮಿಯಂ ಲವಣ ಬಳಸುವ ಈ ವಿಧಾನ ಅಮೆರಿಕದಲ್ಲಿ 1884ರ ಸುಮಾರಿಗೆ ರೂಪುಗೊಂಡಿತ್ತು. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯುವ ಹದ ಇದರಲ್ಲಿ ಕೆಲವೇ ದಿನದಲ್ಲಿ ಮುಗಿಯುತ್ತದೆ. ಚರ್ಮ ಮೆತ್ತಗಿರುತ್ತದೆ, ನೀರು ಮತ್ತು ಶಾಖವನ್ನು ತಾಳುತ್ತದೆ. ಚಾಟರ್ಟನ್ ಈ ಚರ್ಮವನ್ನು ಮೊದಲಿಗೆ ಬಳಸಲು ಹೊರಟಿದ್ದು ಬೂಟಿಗಲ್ಲ, ಬಾವಿಯ ಕಪಿಲೆ ಚೀಲಕ್ಕೆ! ನೀರಿನಲ್ಲೇ ಬಾಳುವ ಚೀಲಕ್ಕೆ ಇದಕ್ಕಿಂತ ಒಳ್ಳೆಯ ಚರ್ಮ ಬೇರೆ ಯಾವುದಿದೆ ಎಂಬುದು ಅವನ ಲೆಕ್ಕ.

ಮುಂದೆ ನಡೆದದ್ದು ಬೇರೆ. ಅದೇ ಚಾಟರ್ಟನ್ ಬಾವಿಗಳಿಗೆ ಆಯಿಲ್ ಎಂಜಿನ್ ಪಂಪುಗಳನ್ನು ಕೂರಿಸುವುದಕ್ಕೂ ಉತ್ತೇಜನ ಕೊಟ್ಟಿದ್ದ. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ. ಎಂಜಿನ್ ಪಂಪು, ಅದರ ಹಿಂದೆಯೇ ವಿದ್ಯುತ್ ಪಂಪು ಹಳ್ಳಿಗಳಿಗೆ ಬಂದಂತೆ ಕಪಿಲೆಗಳು ಒಂದೊಂದಾಗಿ ನಿಂತುಹೋದವು. ಕಪಿಲೆಯ ಜೊತೆ ಮಿಣಿ ಹೋಯಿತು, ಟ್ರ್ಯಾಕ್ಟರಿನಿಂದ ನೊಗವೇ ಹೋಯಿತು. ಕಾರ್ಖಾನೆಯ ರಬ್ಬರ್, ಪ್ಲಾಸ್ಟಿಕ್ ಚಪ್ಪಲಿಗಳು ಎಕ್ಕಡದ ಜಾಗ ಹಿಡಿದವು. ಹೀಗೆ ಊರಿನ ಚರ್ಮಕಾರನ ಮುಖ್ಯ ಗಿರಾಕಿಗಳೆಲ್ಲ ಒಂದೆರಡು ತಲೆಮಾರಿನಲ್ಲಿ ಮಾಯವಾದರು. ಹದ ಮಾಡುವ ಉದ್ಯಮವೂ ತಮಿಳುನಾಡಿನ ರಾಣಿಪೇಟೆ, ಆಂಬೂರು, ವಾಣಿಯಂಬಾಡಿಗಳಲ್ಲಿ ನೆಲೆನಿಂತಿತು.

ಆಸ್ಪತ್ರೆಯಲ್ಲಿ ಅಳೆದ ಕೈಗಳು

ಇತ್ತ ತೊಗಲು ಹಡಗು ಹತ್ತುತ್ತಿದ್ದ ಕಾಲದಲ್ಲೇ ಅತ್ತ ಫ್ರಾನ್ಸಿನ ಗ್ರೆನೋಬ್ಲ್ ಪಟ್ಟಣದಲ್ಲಿ ಕೈಗವಸಿಗೊಂದು ಶಾಸ್ತ್ರ ಸಿದ್ಧವಾಯಿತು. ಅಲ್ಲಿನ ಕುಶಲಕರ್ಮಿಗಳು ಮೇಕೆ ಮರಿಯ ಚರ್ಮದಲ್ಲಿ ಹೊಲಿದ ಗವಸುಗಳಿಗೆ ಹೆಸರಾಗಿದ್ದರು. ಆ ಚರ್ಮವನ್ನು ಹದ ಮಾಡುತ್ತಿದ್ದುದು ಪಟಿಕ, ಉಪ್ಪು, ಹಿಟ್ಟು ಮತ್ತು ಮೊಟ್ಟೆಯ ಹಳದಿಯಿಂದ. ಬೆಣ್ಣೆಯಂತೆ ನಯ, ಆದರೆ ನೀರು ಬಿದ್ದರೆ ಕೆಟ್ಟಿತು. ಗಿರಾಕಿಗೆ ಹೊಂದುವಂತೆ ಹೊಲಿಯುವುದು ಅಲ್ಲೂ ಕಣ್ಣಳತೆಯ ಕೆಲಸವಾಗಿತ್ತು.

ಝೇವಿಯರ್ ಜೂವಾಂ ಎಂಬಾತ ಊರಿನ ಆಸ್ಪತ್ರೆಯಲ್ಲಿ ಜನರ ಕೈಗಳನ್ನು ಅಳೆದು ವಿಂಗಡಿಸಿದ. ಕೈಯ ಅಗಲ, ಬೆರಳಿನ ಉದ್ದಗಳನ್ನು ಜೋಡಿಸಿ 320 ಬಗೆಯ ಅಳತೆಗಳ ಪಟ್ಟಿ ತಯಾರಿಸಿದ. 1834ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನಾಲ್ಕು ವರ್ಷದ ಬಳಿಕ ‘ಕಬ್ಬಿಣದ ಕೈ’ ಎಂಬ ಅಚ್ಚನ್ನು ರೂಪಿಸಿದ. ಒಂದೊಂದು ಅಳತೆಗೆ ಒಂದೊಂದು ಅಚ್ಚು. ಒತ್ತಿದರೆ ಒಂದೇ ಏಟಿಗೆ ಹಲವು ಗವಸುಗಳ ಚರ್ಮ ಒಂದೇ ಅಳತೆಯಲ್ಲಿ ಕತ್ತರಿಸಿ ಬರುತ್ತಿತ್ತು. ಪೇಟೆಂಟ್ ಅವಧಿ ಮುಗಿದ ಮೇಲೆ ಉಳಿದವರೂ ಅದನ್ನು ಅನುಸರಿಸಿದರು. ಇಂದು ಗವಸಿನ ಮೇಲೆ ಕಾಣುವ 7, 8, 9 ಎಂಬ ಸಂಖ್ಯೆಗಳು ಅಂಗೈ ಸುತ್ತಳತೆಯನ್ನು ಅಂಗುಲದಲ್ಲಿ ಹೇಳುವ ಆ ಹಳೆಯ ಪದ್ಧತಿಯ ಕುಡಿಗಳು.

ಅಳತೆಯಷ್ಟೇ ಮುಖ್ಯವಾದದ್ದು ಕತ್ತರಿಸುವ ಕ್ರಮ. ಚರ್ಮ ಬಟ್ಟೆಯಂತಲ್ಲ. ಅದು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹಿಗ್ಗುತ್ತದೆ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ನುರಿತ ಗವಸುಗಾರ ಚರ್ಮವನ್ನು ಸ್ವಲ್ಪ ತೇವ ಮಾಡಿ ಮೇಜಿನ ಅಂಚಿಗೆ ಎಳೆದೆಳೆದು ಉದ್ದದ ಹಿಗ್ಗನ್ನು ಮೊದಲೇ ತೆಗೆದುಬಿಡುತ್ತಾನೆ, ಅಗಲದ ಹಿಗ್ಗನ್ನು ಮಾತ್ರ ಉಳಿಸುತ್ತಾನೆ. ಹೀಗೆ ಕತ್ತರಿಸಿದ ಗವಸು ಮುಷ್ಟಿ ಹಿಡಿದಾಗ ಅಗಲಕ್ಕೆ ಬಿಟ್ಟುಕೊಡುತ್ತದೆ, ಆದರೆ ದಿನ ಕಳೆದಂತೆ ಬೆರಳಿನ ತುದಿ ಜೋತುಬೀಳುವುದಿಲ್ಲ. ಬೆರಳ ಸಂದಿಗಳಿಗೆ ಸಪೂರ ಪಟ್ಟಿ, ಸಂದಿಯ ಬುಡಕ್ಕೆ ಪುಟ್ಟ ತುಂಡು, ಹೆಬ್ಬೆರಳಿಗೆ ಬೇರೆಯೇ ಚರ್ಮ, ಹೀಗೆ ಒಂದು ಗವಸಿಗೆ ಹತ್ತಾರು ತುಂಡುಗಳು ಸೇರುತ್ತವೆ. ಪಟ್ಟಿ ಇಲ್ಲದೆ ಎರಡು ಹಾಳೆಗಳನ್ನು ಕೂಡಿಸಿ ಹೊಲಿದದ್ದೇ ಅಗ್ಗದ ಗವಸು. ಅದು ಚಪ್ಪಟೆ ಕೈಗೆ ಸರಿ, ದುಂಡನೆಯ ಬೆರಳಿಗಲ್ಲ.

ಬೈಕಿಗೆ ಬೇರೆಯೇ ಗವಸು

ಜರ್ಮನಿಯ ಡೈಮ್ಲರ್ ಪೆಟ್ರೋಲ್ ಎಂಜಿನ್ನಿನ ಮೊದಲ ದ್ವಿಚಕ್ರ ವಾಹನವನ್ನು ಓಡಿಸಿದ್ದು 1885ರಲ್ಲಿ. ಆರಂಭದ ಸವಾರರು ಕುದುರೆ ಸವಾರರ ಉದ್ದ ತೋಳಿನ ಗವಸನ್ನೇ ತೊಟ್ಟರು. ಗಾಳಿ, ಚಳಿ, ಎಣ್ಣೆಯ ಕೊಳೆಯಿಂದ ಕೈ ಉಳಿಸಿಕೊಳ್ಳುವುದು ಅವರ ಉದ್ದೇಶ. ನಮ್ಮಲ್ಲಿ ಮದರಾಸಿನ ಎನ್‌ಫೀಲ್ಡ್ 1955ರಲ್ಲಿ, ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ಕೆಲಸ ಆರಂಭಿಸಿದವು. 1985ರಲ್ಲಿ ಹೀರೊ ಹೋಂಡಾ ಬಂದ ಮೇಲೆ ಕಡಿಮೆ ಪೆಟ್ರೋಲಿನ ಬೈಕು ಹಳ್ಳಿಯ ಮನೆಮನೆಗೂ ತಲುಪಿತು. ಬೈಕಿನ ಜೊತೆಗೆ ಬರಬೇಕಿದ್ದ ಉಡುಪು ಬರಲಿಲ್ಲ.

ಗವಸಿನ ನಿಜವಾದ ಕೆಲಸವಿರುವುದು ಬೀಳುವ ಕ್ಷಣದಲ್ಲಿ. ಮನುಷ್ಯ ಬೀಳುವಾಗ ತಿಳಿಯದೆಯೇ ಕೈ ಮುಂದೆ ಚಾಚುತ್ತಾನೆ. ಬರಿಯ ಅಂಗೈ ಜಲ್ಲಿ ರಸ್ತೆಗೆ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ. ಅಂಗೈಯ ದಪ್ಪ ಚರ್ಮ ವಿಶೇಷವಾದದ್ದು. ಮೈಯ ಬೇರೆಡೆಯಿಂದ ಕಸಿ ಮಾಡಿದ ಚರ್ಮ ಅದರ ಗಟ್ಟಿತನಕ್ಕೂ ಸ್ಪರ್ಶಕ್ಕೂ ಸಾಟಿಯಾಗದು. ಅಂಗೈ ರಸ್ತೆಗೆ ಕಚ್ಚಿಕೊಂಡರೆ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಹೆಬ್ಬೆರಳಿನ ಬುಡದ ಪುಟ್ಟ ಮೂಳೆ ಮುರಿಯುವುದುಂಟು. ಆ ಮೂಳೆ ನಿಧಾನವಾಗಿ ಕೂಡುವಂಥದು. ಕಳೆ ಕೀಳುವ, ಹಮಾಲಿ ಮಾಡುವ, ಗಾರೆ ಕೆಲಸ ಮಾಡುವ ಸವಾರನಿಗೆ ಅದು ತಿಂಗಳುಗಟ್ಟಲೆ ಕೂಲಿಯ ನಷ್ಟ.

ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ದಪ್ಪ ಬೂಟು, ಜಾಕೆಟ್, ಗವಸುಗಳು ತರಚು ಗಾಯ, ಸೀಳು ಗಾಯಗಳನ್ನು ತಡೆಯುತ್ತವೆ ಇಲ್ಲವೇ ಕಡಿಮೆ ಮಾಡುತ್ತವೆ ಎಂಬುದು ಅದರ ತೀರ್ಮಾನಗಳಲ್ಲೊಂದು. ಯೂರೋಪಿನಲ್ಲಿ ಬೈಕಿನ ಗವಸಿಗೆಂದೇ ‘ಇ.ಎನ್. 13594’ ಎಂಬ ಮಾನಕವಿದೆ. ಚರ್ಮ ಉಜ್ಜುವಿಕೆಯನ್ನು ಎಷ್ಟು ತಾಳುತ್ತದೆ, ಹೊಲಿಗೆ ಎಷ್ಟು ಗಟ್ಟಿ, ಎಳೆದರೆ ಗವಸು ಕೈಯಿಂದ ಕಳಚುತ್ತದೆಯೇ ಎಂಬುದನ್ನೆಲ್ಲ ಅಲ್ಲಿ ಪರೀಕ್ಷಿಸುತ್ತಾರೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ಟನ್ನು ಕಡ್ಡಾಯಗೊಳಿಸುತ್ತದೆ. ಗವಸಿನ ಆಯ್ಕೆಯನ್ನು ಅದು ಸವಾರನ ವಿವೇಕಕ್ಕೆ ಬಿಟ್ಟಿದೆ.

ಹೊಂದಿಕೆ ನೋಡುವುದು ಹೇಗೆ?

ಹೊಂದದ ಗವಸು ಇಲ್ಲದ ಗವಸಿಗೆ ಸಮ. ಸಡಿಲವಾದದ್ದು ಬಿದ್ದಾಗ ಮೊದಲು ಕಳಚಿಕೊಂಡು ಹೋಗುತ್ತದೆ. ಬಿಗಿಯಾದದ್ದು ರಕ್ತ ಸಂಚಾರಕ್ಕೆ ತಡೆಯಾಗಿ ಬೆರಳು ಜೋಮು ಹಿಡಿಸುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಅಳತೆ ಅಗತ್ಯ. ಹೆಚ್ಚು ಬಳಸುವ ಕೈಯ ಬೆರಳ ಬುಡದ ಗೆಣ್ಣುಗಳ ಮೇಲೆ, ಹೆಬ್ಬೆರಳು ಬಿಟ್ಟು, ದರ್ಜಿಯ ಟೇಪು ಸುತ್ತಬೇಕು. ಎಂಟು ಅಂಗುಲ ಬಂದರೆ 8ನೇ ಸಂಖ್ಯೆಯಿಂದ ಹುಡುಕಾಟ ಆರಂಭಿಸಬಹುದು. ಕಂಪನಿಯಿಂದ ಕಂಪನಿಗೆ ಅಳತೆ ತುಸು ಬದಲಾಗುವುದರಿಂದ ತೊಟ್ಟು ನೋಡದೆ ನಿರ್ಧರಿಸುವುದು ಸರಿಯಲ್ಲ.

ತೊಟ್ಟು ನೋಡುವ ಜಾಗ ಅಂಗಡಿಯ ಕಟ್ಟೆಯಲ್ಲ, ಬೈಕಿನ ಹ್ಯಾಂಡಲ್. ಅಂಗೈ ಚಾಚಿದಾಗ ಸರಿಯೆನಿಸಿದ ಗವಸು ಮುಷ್ಟಿ ಕಟ್ಟಿದಾಗ ಬೇರೆಯದೇ ಆಗುತ್ತದೆ. ಹಿಡಿ ಹಿಡಿದಾಗ ಬೆರಳ ತುದಿ ಹೊಲಿಗೆಗೆ ಒತ್ತಬಾರದು. ಬೆರಳ ಸಂದಿಗೂ ಗವಸಿನ ಸಂದಿಗೂ ನಡುವೆ ಪೊಳ್ಳು ಇರಬಾರದು. ಅಂಗೈಯಲ್ಲಿ ಚರ್ಮ ಮಡಿಕೆ ಬೀಳಬಾರದು. ಮಡಿಕೆ ಬಿದ್ದಲ್ಲಿ ಹತ್ತು ಮೈಲಿಗೆ ಬೊಬ್ಬೆ ಏಳುವುದು ಖಂಡಿತ. ಕ್ಲಚ್ಚು, ಬ್ರೇಕು, ಇಂಡಿಕೇಟರ್ ಗುಂಡಿ ಎಲ್ಲವೂ ಬೆರಳಿಗೆ ತಿಳಿಯಬೇಕು. ಕೊನೆಗೆ ಮಣಿಕಟ್ಟಿನ ಪಟ್ಟಿ ಬಿಗಿದು ಇನ್ನೊಂದು ಕೈಯಿಂದ ಎಳೆಯಬೇಕು. ಕಳಚಿ ಬಂದರೆ ಆ ಗವಸು ಬೇಡ.

ಒಳ್ಳೆಯ ಬೈಕ್ ಗವಸಿನ ಬೆರಳುಗಳು ಮೊದಲೇ ತುಸು ಬಾಗಿರುತ್ತವೆ. ಬೆರಳ ತುದಿಯ ಹೊಲಿಗೆ ಹೊರಗಿರುತ್ತದೆ. ಅಂಗೈ ಬುಡಕ್ಕೆ ಇನ್ನೊಂದು ಪದರ ಅಥವಾ ಜಾರುವ ಗಟ್ಟಿ ತುಂಡು ಇರುತ್ತದೆ. ಕೈ ರಸ್ತೆಗೆ ಕಚ್ಚದೆ ಜಾರಲೆಂಬುದು ಅದರ ಉದ್ದೇಶ. ಮೇಕೆಯ ಚರ್ಮ ತೆಳುವಾದರೂ ಗಟ್ಟಿ, ಕೈಗೆ ಬೇಗ ಒಗ್ಗುತ್ತದೆ. ಹಸುವಿನ ಚರ್ಮ ದಪ್ಪ, ಒಗ್ಗಲು ದಿನ ಹಿಡಿಯುತ್ತದೆ. ನಮ್ಮ ಬಿಸಿಲಿಗೆ ಬೆರಳ ಮೇಲ್ಭಾಗದಲ್ಲಿ ಸಣ್ಣ ರಂಧ್ರಗಳಿರುವುದು, ಒಳಗೆ ದಪ್ಪ ಬಟ್ಟೆ ಇಲ್ಲದಿರುವುದು ಲೇಸು. ಬೆವರಿನಲ್ಲಿ ನೆನೆದ ಗವಸನ್ನು ನೆರಳಿನಲ್ಲಿ ಆರಿಸಬೇಕು. ಬಿಸಿಲಿಗೋ ಒಲೆಯ ಬಳಿಯೋ ಇಟ್ಟರೆ ಚರ್ಮ ಸೆಟೆದುಕೊಳ್ಳುತ್ತದೆ. ಕಪಿಲೆ ಚೀಲವನ್ನು ಬಾಳಿಸಿದ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ಕೈ ಇದೆ, ಕಲಿಕೆ ಬೇಕು

ಇಂದು ಜಗತ್ತಿನ ಹಲವು ಹೆಸರಾಂತ ಕಂಪನಿಗಳ ಬೈಕ್ ಗವಸುಗಳು ಪಾಕಿಸ್ತಾನದ ಸಿಯಾಲ್‌ಕೋಟಿನಲ್ಲಿ ಹೊಲಿಗೆಯಾಗುತ್ತವೆ. ಕೆಲಸಗಾರರ ಚರ್ಮದ ಗವಸಿಗೆ ಕೋಲ್ಕತ್ತ ದೊಡ್ಡ ಕೇಂದ್ರ. ಎರಡೂ ಕಡೆ ಹವೆ ಫ್ರಾನ್ಸಿನಂತೇನೂ ಇಲ್ಲ. ಅಂದ ಮೇಲೆ ಬಿಸಿಲಿನ ನೆಪ ಇಲ್ಲಿಗೂ ಪೂರ್ತಿ ಒಪ್ಪುವುದಿಲ್ಲ.

ಕರ್ನಾಟಕದಲ್ಲಿ ಚರ್ಮ ಕುಶಲಕರ್ಮಿಗಳಿಗಾಗಿಯೇ 1976ರಲ್ಲಿ ನಿಗಮವೊಂದು ಸ್ಥಾಪನೆಯಾಯಿತು. ಈಗ ಬಾಬು ಜಗಜೀವನ್ ರಾಂ ಅವರ ಹೆಸರು ಹೊತ್ತಿರುವ ಅದನ್ನು ಜನ ಲಿಡ್ಕರ್ ಎಂದೇ ಬಲ್ಲರು. ಚೆನ್ನೈಯಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಪಕ್ಕದ ಉದಾಹರಣೆಯೂ ಕಣ್ಣೆದುರಿಗಿದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ತೋರಿಸಿದಾಗ ದೇಶದಲ್ಲೆಲ್ಲ ಆಕ್ಷೇಪ ಕೇಳಿಬಂತು. ಬಳಿಕ ಆ ಕಂಪನಿ ಭಾರತದ ಪಾದರಕ್ಷೆಯೇ ಪ್ರೇರಣೆಯೆಂದು ಒಪ್ಪಿಕೊಂಡಿತು. ಮದರಾಸಿನ ಕಾಲದ ಹಳೆಯ ಪಾಠವೇ ಇದು. ತೊಗಲೂ ಕಸುಬೂ ಒಂದು ಕಡೆ ಇದ್ದು, ಹೆಸರೂ ಬೆಲೆಯೂ ಇನ್ನೊಂದು ಕಡೆ ಸೇರುತ್ತವೆ.

ಐದು ತಾಲ್ಲೂಕುಗಳ ಬಸ್ ನಿಲ್ದಾಣಗಳ ಬಳಿ, ಸಂತೆಯ ಅಂಚಿನಲ್ಲಿ ಇಂದಿಗೂ ಚಪ್ಪಲಿ ಹೊಲಿಯುವವರಿದ್ದಾರೆ. ಹರಿದ ಗವಸಿನ ಬೆರಳನ್ನು ಹೊಲಿಸಿಕೊಳ್ಳಲು ಬೈಕ್ ಸವಾರರು ಹೋಗುವುದು ಅವರಲ್ಲಿಗೇ. ಚರ್ಮ ಯಾವ ದಿಕ್ಕಿಗೆ ಹಿಗ್ಗುತ್ತದೆಂದು ಅವರ ಬೆರಳು ಬಲ್ಲದು. ಅವರಿಗೆ ಬೇಕಿರುವುದು ಅಳತೆಯ ಅಚ್ಚು, ತೆಳು ಚರ್ಮ ಹೊಲಿಯುವ ಯಂತ್ರ, ಮೃದುವಾದ ಮೇಕೆ ಚರ್ಮ ಮತ್ತು ಕೆಲವು ತಿಂಗಳ ತರಬೇತಿ. ಜೊತೆಗೆ, ಕಸುಬು ಮುಂದುವರಿಸುವುದೆಂದರೆ ಅವಮಾನ ಮುಂದುವರಿಸುವುದಲ್ಲ ಎಂಬ ಭರವಸೆಯೂ ಬೇಕು. ಅವರ ಮಕ್ಕಳು ಉಳಿ, ರಂಪಿಗೆ ಬಿಟ್ಟು ಬೇರೆ ಕೆಲಸ ಹುಡುಕುತ್ತಿರುವುದು ಆ ಭರವಸೆ ಸಿಗದಿದ್ದುದರಿಂದಲೂ ಹೌದು. ಆ ನಿರ್ಧಾರವನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ.

ಹಾಗೆಂದು ಕಸುಬಿನ ಜ್ಞಾನ ಮಣ್ಣುಪಾಲಾಗಬೇಕಿಲ್ಲ. ಆಸಕ್ತಿ ಇರುವ ಯಾರಾದರೂ, ಯಾವ ಜಾತಿಯವರಾದರೂ ಕಲಿಯಬಹುದಾದ, ಪಾಠಶಾಲೆಯಲ್ಲಿ ಹೇಳಿಕೊಡಬಹುದಾದ ವಿದ್ಯೆ ಇದು. ಕೊಟ್ಟೂರಿನ ಸವಾರನೊಬ್ಬ ತನ್ನ ಊರಿನ ಅಂಗಡಿಯಲ್ಲಿ ಕೈ ಚಾಚಿ, ಹೊಲಿಯುವವನು ಆ ಕೈ ಹಿಡಿದು ಅಳತೆ ತೆಗೆದುಕೊಂಡರೆ, ಒಂದು ಜೊತೆ ಗವಸಿಗಿಂತ ದೊಡ್ಡದೊಂದು ಕೆಲಸ ಆದಂತೆ.